ಬೈಲು ಸೀಳಿದ ಹೆದ್ದಾರಿ: ಆಮೆ, ಹಾವುಗಳ ದಾರಿ ಮುಚ್ಚಿದ್ದು ಹೇಗೆ?

ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ಕಳೆದು ಮಳೆ ಹಿಡಿದೊಡನೆ ಕಾಸರಗೋಡಿನ ಬೈಲುಗಳಲ್ಲಿ, ಎಂದರೆ ಗುಡ್ಡಗಳ ನಡುವಿನ ತಗ್ಗು ಗದ್ದೆಗಳಲ್ಲಿ, ಕಪ್ಪೆಗಳ ಕೂಗು ಏಳುತ್ತದೆ. ಕಪ್ಪೆಯ ಬೆನ್ನಿಗೆ ನೀರೊಳ್ಳೆ ಹಾವು ಹೊರಡುತ್ತದೆ, ಕೆಸರಿನಲ್ಲಿ ಹುದುಗಿದ್ದ ಆಮೆ ಹೊಸ ನೀರು ಹುಡುಕುತ್ತದೆ. ಇಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಮೂಡಲಿಗೆ, ಅಳಿವೆ ಪಡುವಲಿಗೆ. ನೀರು ಹರಿಯುವುದೂ ಅದೇ ದಿಕ್ಕಿಗೆ. ರಸ್ತೆ ಮಾತ್ರ ಬಡಗಿನಿಂದ ತೆಂಕಿಗೆ, ಎಲ್ಲವನ್ನೂ ಅಡ್ಡ ಕಡಿದು ಹೋಗುತ್ತದೆ.

ಈ ಅಡ್ಡಗಟ್ಟು ಹೊಸತಲ್ಲ. 1907ರಲ್ಲಿ ಮಂಗಳೂರು ಮುಟ್ಟಿದ ರೈಲು ಹಳಿಗೂ ತಗ್ಗಿನಲ್ಲಿ ಮಣ್ಣಿನ ಏರಿ ಬೇಕಾಗಿತ್ತು. ಬಳಿಕ ಎರಡು ಲೇನಿನ ರಾಷ್ಟ್ರೀಯ ಹೆದ್ದಾರಿ 17 ಬಂತು. 2010ರಲ್ಲಿ ಅದರ ಸಂಖ್ಯೆ 66 ಆಯಿತು. ಈಗಿನ ಅಗಲೀಕರಣದಲ್ಲಿ 45 ಮೀಟರ್ ಅಗಲದೊಳಗೆ ಆರು ಲೇನು, ಸರ್ವಿಸ್ ರಸ್ತೆ, ಕಾಂಕ್ರೀಟ್ ಚರಂಡಿ, ನಡುವೆ ತಡೆಗೋಡೆ. ತಲಪಾಡಿಯಿಂದ ಚೆಂಗಳದವರೆಗಿನ ಹಂತವೊಂದೇ 39 ಕಿ.ಮೀ. ಗದ್ದೆ ತುಂಬಿಸುವುದನ್ನು ತಡೆಯಲು ಕೇರಳ 2008ರಲ್ಲಿ ಕಾಯ್ದೆ ತಂದಿತಾದರೂ ಸಾರ್ವಜನಿಕ ಉದ್ದೇಶಕ್ಕೆ ಅದರಲ್ಲಿ ವಿನಾಯಿತಿಯಿದೆ.

ಹಳೆಯ ರಸ್ತೆಯಲ್ಲಿ ಚಕ್ರದಡಿ ಸಾಯುವುದೇ ಮುಖ್ಯ ಅಪಾಯವಾಗಿತ್ತು. ಬಿಸಿಲಲ್ಲಿ ಕಾದ ಡಾಮರು ರಾತ್ರಿಯೂ ಬೆಚ್ಚಗಿರುವುದರಿಂದ ಹಾವು ಅಲ್ಲೇ ಮಲಗುತ್ತದೆ. ಹೆಣ್ಣಾಮೆ ಮೊಟ್ಟೆಯಿಡಲು ಬಿಸಿಲು ಬೀಳುವ ಸಡಿಲ ಮಣ್ಣು ಹುಡುಕಿ ರಸ್ತೆಯಂಚಿಗೇ ಬರುತ್ತದೆ. ಹೀಗೆ ಸಾಯುವವುಗಳಲ್ಲಿ ಮೊಟ್ಟೆಯಿಡುವ ಹೆಣ್ಣುಗಳೇ ಹೆಚ್ಚಾದಾಗ ಸಂತತಿಗೆ ದೊಡ್ಡ ಪೆಟ್ಟು. ಆಮೆ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು, ಮರಿಗಳಲ್ಲಿ ಉಳಿಯುವವು ಕೆಲವೇ. ಅಮೆರಿಕದ ಸಂಶೋಧಕರು 2002ರಲ್ಲಿ ಹಾಕಿದ ಲೆಕ್ಕದಂತೆ, ಸಹಜ ಸಾವಿನ ಮೇಲೆ ವರ್ಷಕ್ಕೆ ಶೇ. 2-3ರಷ್ಟು ಪ್ರಾಯದ ಆಮೆಗಳು ಹೆಚ್ಚುವರಿಯಾಗಿ ಸತ್ತರೂ ನೆಲ-ಕೆರೆ ಎರಡನ್ನೂ ಬಳಸುವ ಹಲವು ಜಾತಿಗಳು ತಾಳಿಕೊಳ್ಳಲಾರವು.

ಹೊಸ ಹೆದ್ದಾರಿಯ ಪೆಟ್ಟು ಬೇರೆ ಬಗೆಯದು. ನೇರ ಗೋಡೆಯ ಚರಂಡಿಗೆ ಬಿದ್ದ ಆಮೆಮರಿ ಹತ್ತಿ ಬರಲಾರದು. ಹೇಗೋ ಮೂರು ಲೇನು ದಾಟಿದ ಆಮೆಗೆ ನಡುಗೋಡೆ ಎದುರಾಗುತ್ತದೆ. ಆಮೆ ಗೋಡೆಯ ಬುಡದಲ್ಲೇ ಉದ್ದಕ್ಕೆ ಅಲೆಯುತ್ತದೆ. ಮಣ್ಣಿನ ಏರಿಯ ಒಂದು ಮಗ್ಗುಲಲ್ಲಿ ನೀರು ನಿಂತರೆ ಇನ್ನೊಂದು ಮಗ್ಗುಲು ಬೇಗ ಒಣಗುತ್ತದೆ. ಆಗ ಪ್ರಾಣಿ ದಾಟಲೇಬೇಕಾದ ಸಂದರ್ಭವೂ ಹೆಚ್ಚುತ್ತದೆ.

ಪರಿಹಾರ ಇದೆ, ಪರೀಕ್ಷೆಯೂ ಆಗಿದೆ. ಫ್ಲೋರಿಡಾದ ಪೇನ್ಸ್ ಪ್ರೇರಿ ಜೌಗಿನಲ್ಲಿ ಹೆದ್ದಾರಿಯಂಚಿಗೆ 1.1 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿ, ತಲೆಯಲ್ಲಿ 15 ಸೆಂ.ಮೀ. ಹೊರಚಾಚು ಕೊಟ್ಟು, ಎಂಟು ಮೋರಿಗಳಿಗೆ ದಾರಿ ತಿರುಗಿಸಿದರು. ಗೋಡೆ ಹತ್ತುವ ಮರಗಪ್ಪೆಗಳನ್ನು ಬಿಟ್ಟರೆ, ಕಟ್ಟುವ ಮೊದಲಿನ ಒಂದು ವರ್ಷದಲ್ಲಿ 2,411 ಇದ್ದ ಪ್ರಾಣಿಗಳ ಸಾವು ಕಟ್ಟಿದ ಮೇಲಿನ ವರ್ಷದಲ್ಲಿ 158ಕ್ಕೆ ಇಳಿಯಿತು.

ನಮ್ಮಲ್ಲಿ ಮೋರಿಗಳಿಗೆ ಬರವಿಲ್ಲ. ಅವನ್ನು ನೀರಿನ ಲೆಕ್ಕಕ್ಕೆ ಮಾತ್ರ ಕಟ್ಟುತ್ತಾರೆ, ಅದೇ ಕೊರತೆ. ಪೈಪಿಗಿಂತ ಬಾಕ್ಸ್ ಮೋರಿ ಮೇಲು: ಬೆಳಕು ಒಳಗೆ ಬರುತ್ತದೆ. ಅದರ ತಳ ತೋಡಿನ (ಹಳ್ಳದ) ಪಾತಳಿಗಿಂತ ಒಂದು ಗೇಣು ಕೆಳಗಿದ್ದರೆ ಮೇಲೆ ಮಣ್ಣು ಕೂರುತ್ತದೆ, ಬರಿಯ ಸಿಮೆಂಟ್ ಉಳಿಯುವುದಿಲ್ಲ. ಹೊರಬಾಯಿಯಲ್ಲಿ ನೀರು ಧುಮುಕುವ ಮೆಟ್ಟಿಲು ಬೇಡ, ಕೆಳಗಿನಿಂದ ಬಂದ ಆಮೆ ಹತ್ತಲಾರದು. ಮಳೆಗಾಲದ ಸಾಮಾನ್ಯ ನೀರಮಟ್ಟದ ಮೇಲೆ ಒಂದು ಮಗ್ಗುಲಿಗೆ ಒಣ ಅಂಚು ಬೇಕು. ಚರಂಡಿಗೆ ಅಲ್ಲಲ್ಲಿ ಒರಟು ಕಲ್ಲಿನ ಇಳಿಜಾರು ಕೊಟ್ಟರೆ ಬಿದ್ದದ್ದು ಮೇಲೆ ಬಂದೀತು. ತಂತಿಬಲೆಯ ಬೇಲಿ ಬೇಡವೇ ಬೇಡ: ಆಮೆಮರಿ ನುಸುಳುತ್ತದೆ, ಹಾವು ಕಣ್ಣಿಗಳಲ್ಲಿ ಸಿಕ್ಕಿ ಸಾಯುತ್ತದೆ.

ಅಗಲವಾದ ಬೈಲಿಗೆ ಮಾತ್ರ ಕಂಬಗಳ ಮೇಲಿನ ಸೇತುವೆಯೇ ಸರಿ. 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆಯ ಮೇಲೆ ಏರಿಸಿದ್ದ ಇದೇ ಹೆದ್ದಾರಿಯ ಏರಿ ಕುಸಿಯಿತು. ಬಳಿಕ ಅಲ್ಲಿ ಕಂಬಗಳ ಸೇತುವೆಗೆ ತೀರ್ಮಾನವಾಯಿತು. ರಸ್ತೆಯ ಭದ್ರತೆಗೆ ಬೇಕಾದದ್ದೇ ಆಮೆಗೂ ಬೇಕಾಗಿತ್ತು.

ಕಾಸರಗೋಡಿನಂಥ ಊರಿನಲ್ಲಿ ಪೇನ್ಸ್ ಪ್ರೇರಿಯಂಥ ಅಂಚುಗೋಡೆಗೆ ನಿಜವಾದ ಕಷ್ಟ ಮನೆ, ಅಂಗಡಿಗಳ ಗೇಟುಗಳಿಂದ. ಗೋಡೆ ತುಂಡಾದಲ್ಲೇ ಪ್ರಾಣಿ ರಸ್ತೆಗೆ ಬರುತ್ತದೆ. ಹಾಗಾಗಿ ಇಡೀ ಹೆದ್ದಾರಿಗೆ ತುಂಡುತುಂಡಾಗಿ ಕಟ್ಟುವ ಬದಲು, ಗೇಟುಗಳಿಲ್ಲದ ಬೈಲಿನ ಭಾಗಗಳಲ್ಲಿ ಎಡೆಬಿಡದೆ ಕಟ್ಟಿ, ಎರಡು ತುದಿಗಳನ್ನೂ ಬೈಲಿನ ಕಡೆಗೆ ಹಿಂದಕ್ಕೆ ಬಾಗಿಸಬೇಕು. ಪ್ರತಿ ವರ್ಷ ಮೇ ಮುಗಿಯುವುದರೊಳಗೆ ಮೋರಿಯ ಹೂಳು ತೆಗೆಸಿ, ಗೋಡೆಗೆ ಒರಗಿ ಬೆಳೆದ ಬಳ್ಳಿ, ಪೊದೆಗಳನ್ನು ಕಡಿಸಬೇಕು. ಬಳ್ಳಿ ಹಿಡಿದು ಹಾವು ಹೊರಚಾಚನ್ನೂ ದಾಟುತ್ತದೆ.