ಕೆಟಮಿನ್ ತಡೆಯುವ ಔಷಧ, ಆದರೂ ಬಿಡಿಎನ್‌ಎಫ್ ಏಕೆ ಏರುತ್ತದೆ?

ಮಡಿಕೇರಿಯಲ್ಲಿ ನನ್ನ ಜೊತೆ ಫಾರ್ಮಕಾಲಜಿ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರಿಸೆಪ್ಟರ್, ಕೈನೇಸ್ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಕೆಟಮಿನ್ ಅರಿವಳಿಕೆಯ ಔಷಧ, ಕಡಿಮೆ ಡೋಸಿನಲ್ಲಿ ಖಿನ್ನತೆಗೂ ಕೊಡುತ್ತಾರೆ.

ಬಿಡಿಎನ್‌ಎಫ್ (ಬ್ರೇನ್-ಡಿರೈವ್ಡ್ ನ್ಯೂರೋಟ್ರೋಫಿಕ್ ಫ್ಯಾಕ್ಟರ್) ನರಕೋಶಗಳ ಬೆಳವಣಿಗೆಯ ಪ್ರೋಟೀನ್. 1982ರಲ್ಲಿ ಬಾರ್ಡ್ ಮತ್ತು ಥೋನೆನ್ ಅದನ್ನು ಹಂದಿಯ ಮೆದುಳಿನಿಂದ ಬೇರ್ಪಡಿಸಿದರು. ಅದು ತನ್ನ ರಿಸೆಪ್ಟರ್ ಆದ ಟಿಆರ್‌ಕೆ-ಬಿಗೆ ಅಂಟಿದರೆ ಕೋಶದೊಳಗೆ ಮೂರು ಸಂಕೇತದ ದಾರಿ ತೆರೆಯುತ್ತವೆ: ಇಆರ್‌ಕೆ, ಪಿಐ3ಕೆ-ಎಕೆಟಿ, ಪಿಎಲ್‌ಸಿ-ಗಾಮಾ. ಎಕೆಟಿ ಮುಂದೆ ಎಂಟಾರ್ ಎಂಬ ಕೈನೇಸನ್ನು ಎಬ್ಬಿಸುತ್ತದೆ, ಸೈನಾಪ್ಸಿಗೆ (ನರಕೋಶಗಳ ನಡುವಿನ ಸಂಧಿಗೆ) ಬೇಕಾದ ಪ್ರೋಟೀನ್ ತಯಾರಾಗುತ್ತದೆ. ಇಷ್ಟು ಬಾಯಿಪಾಠ ಮಾಡಿದರೂ ಸಾಕು.

ಕಷ್ಟ ಬರುವುದು ಕೆಟಮಿನ್ ಹತ್ತಿರ

ಎನ್‌ಎಂಡಿಎ ರಿಸೆಪ್ಟರ್ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹಿಡಿದು ನರಕೋಶವನ್ನು ಉತ್ತೇಜಿಸುವಂಥದ್ದು. ಕೆಟಮಿನ್ ಅದರ ರಂಧ್ರವನ್ನೇ ಮುಚ್ಚುತ್ತದೆ. ಹಾಗಿದ್ದರೆ ಚಟುವಟಿಕೆ ಇಳಿಯಬೇಕು, ಅಲ್ವಾ? ಬಿಡಿಎನ್‌ಎಫ್ ಹೊರಬರುವುದು ಚಟುವಟಿಕೆ ಏರಿ ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ. ಮತ್ತೆ ಅದು ಹೆಚ್ಚುವುದು ಹೇಗೆ?

ಎನ್‌ಎಂಡಿಎ ಹೆಚ್ಚುಕಡಿಮೆ ಎಲ್ಲ ನರಕೋಶಗಳ ಮೇಲೂ ಇದೆ, ಉಳಿದ ಕೋಶಗಳನ್ನು ಹಿಡಿದಿಡಲು ಗಾಬಾ ಎಂಬ ರಾಸಾಯನಿಕ ಬಿಡುವ ಇಂಟರ್‌ನ್ಯೂರಾನ್‌ಗಳ ಮೇಲೂ ಇದೆ. ಸುಮ್ಮನಿರುವ ಕೋಶದಲ್ಲಿ ಈ ರಂಧ್ರಕ್ಕೆ ಮೆಗ್ನೀಸಿಯಂ ಅಡ್ಡ ಕೂತಿರುತ್ತದೆ. ಕೆಟಮಿನ್ ಒಳಹೋಗಬೇಕಾದರೆ ಚಾನೆಲ್ ತೆರೆದಿರಬೇಕು. ಇಂಟರ್‌ನ್ಯೂರಾನ್‌ಗಳು ಬಿಡುವಿಲ್ಲದೆ ವೇಗವಾಗಿ ಮಿಡಿಯುತ್ತವೆ, ಅವುಗಳ ಚಾನೆಲ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಹಾಗಾಗಿ ಕಡಿಮೆ ಡೋಸಿನಲ್ಲಿ ಕೆಟಮಿನ್ ಮೊದಲು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿದ ಹಾಗೆ: ಕಾಫಿ ಗಿಡಕ್ಕೆ ಹೊಸದಾಗಿ ಏನೂ ಕೊಡುವುದಿಲ್ಲ, ಹಾಲುವಾಣದ ಕೊಂಬೆ ಇಳಿಸುತ್ತೇವೆ, ಬೆಳಕು ತಾನೇ ಬೀಳುತ್ತದೆ. ತಡೆಯುವ ಕೋಶ ಸುಮ್ಮನಾದಾಗ ಉತ್ತೇಜಿಸುವ ಪಿರಮಿಡ್ ಕೋಶಗಳು ಗ್ಲುಟಮೇಟ್ ಸುರಿಸುತ್ತವೆ. ಅದು ಗ್ಲುಟಮೇಟಿನ ಇನ್ನೊಂದು ರಿಸೆಪ್ಟರ್ ಆದ ಎಎಂಪಿಎ ಮೇಲೆ ಬೀಳುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಬಿಡಿಎನ್‌ಎಫ್ ಹೊರಬರುತ್ತದೆ. ಅರಿವಳಿಕೆಯ ಡೋಸಿನಲ್ಲಿ ಮಾತ್ರ ಪಿರಮಿಡ್ ಕೋಶಗಳೂ ಮುಚ್ಚಿಹೋಗುತ್ತವೆ, ಆಗ ಈ ಸರಪಳಿ ನಡೆಯುವುದಿಲ್ಲ.

2010ರಲ್ಲಿ ಇಲಿಗಳಲ್ಲಿ ನೋಡಿದ್ದು: ರಾಪಮೈಸಿನ್ ಕೊಟ್ಟು ಎಂಟಾರ್ ತಡೆದರೆ ಕೆಟಮಿನ್‌ನಿಂದ ಹೊಸ ಸೈನಾಪ್ಸ್ ಬರುವುದೇ ಇಲ್ಲ. 2011ರಲ್ಲಿ ಇನ್ನೊಂದು ವಿವರಣೆ ಬಂತು. ಕೋಶ ವಿಶ್ರಾಂತಿಯಲ್ಲಿರುವಾಗಿನ ಸಣ್ಣ ಎನ್‌ಎಂಡಿಎ ಸಂಕೇತ ನಿಂತರೆ ಪ್ರೋಟೀನ್ ತಯಾರಿಕೆಗೆ ತಡೆ ಹಾಕುವ ಇಇಎಫ್2 ಕೈನೇಸ್ ತಣ್ಣಗಾಗುತ್ತದೆ, ಬಿಡಿಎನ್‌ಎಫ್ ತಯಾರಿಕೆಯ ಮೇಲಿದ್ದ ಹಿಡಿತ ಸಡಿಲವಾಗುತ್ತದೆ. ಎರಡೂ ಒಟ್ಟಿಗೇ ನಿಜವಿರಬಹುದು, ಒಂದನ್ನು ಆರಿಸಲು ಹೋಗಬೇಡಿ.

ಉಳಿದ ಔಷಧಗಳು

ಖಿನ್ನತೆಯ ಔಷಧ ಫ್ಲುಯೊಕ್ಸೆಟಿನ್ ಸಿರೊಟೋನಿನ್ ಅನ್ನು ಬೇಗ ಏರಿಸುತ್ತದೆ, ಮನಸ್ಸು ಹಗುರಾಗಲು ವಾರಗಳು ಬೇಕು. ಜೀನ್‌ಗಳನ್ನು ಚಾಲೂ ಮಾಡುವ ಸಿಆರ್‌ಇಬಿ ಪ್ರೋಟೀನ್ ಮೂಲಕ ಬಿಡಿಎನ್‌ಎಫ್ ನಿಧಾನವಾಗಿ ಏರುವುದು ಆ ತಡಕ್ಕೆ ಒಂದು ಕಾರಣ ಅನ್ನುತ್ತಾರೆ. 2021ರಲ್ಲಿ ಫ್ಲುಯೊಕ್ಸೆಟಿನ್ನೂ ಕೆಟಮಿನ್ನೂ ನೇರವಾಗಿ ಟಿಆರ್‌ಕೆ-ಬಿಗೇ ಅಂಟುತ್ತವೆ ಅಂತ ಪ್ರಕಟವಾಯಿತು, 2023ರಲ್ಲಿ ಭ್ರಮೆ ತರಿಸುವ ಎಲ್‌ಎಸ್‌ಡಿ ಮತ್ತು ಸೈಲೋಸಿನ್ ಇನ್ನೂ ಬಿಗಿಯಾಗಿ ಅಂಟುತ್ತವೆ ಅಂತ.

ನಮ್ಮ ಕಾಫಿಯಲ್ಲೂ ತಡೆಯುವ ಕೆಲಸವೇ ನಡೆಯುತ್ತದೆ. ಕೆಫೀನ್ ನಿದ್ದೆ ತರಿಸುವ ಅಡಿನೋಸಿನ್‌ನ ಎ1 ಮತ್ತು ಎ2ಎ ರಿಸೆಪ್ಟರ್‌ಗಳನ್ನು ತಡೆಯುತ್ತದೆ. ಎ1 ಗ್ಲುಟಮೇಟ್ ಬಿಡುಗಡೆಗೆ ಬ್ರೇಕ್, ಅದನ್ನು ತಡೆದರೆ ಬ್ರೇಕ್ ಸಡಿಲ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು.

'ಬಿಡಿಎನ್‌ಎಫ್ ಏರಿದರೆ ಒಳ್ಳೆಯದು' ಅಂತ ಬರೆಯಬೇಡಿ

ಇದನ್ನು ನಾನು ಒತ್ತಿ ಹೇಳುತ್ತೇನೆ. ಇಲಿಗಳಿಗೆ ಕೊಕೇನ್ ನಿಲ್ಲಿಸಿದ ಮೇಲೆ ವಾರಗಟ್ಟಲೆ ಅವುಗಳ ಹಂಬಲ ಏರುತ್ತಾ ಹೋಗುತ್ತದೆ, ಅದರ ಜೊತೆ ಮೆದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಮತ್ತು ವಿಟಿಎ ಭಾಗದಲ್ಲಿ ಬಿಡಿಎನ್‌ಎಫ್ ಕೂಡ ಏರುತ್ತದೆ. ಖಿನ್ನತೆಯ ಪ್ರಯೋಗಗಳಲ್ಲೂ ಹಾಗೇ. ಬಿಡಿಎನ್‌ಎಫ್ ಅನ್ನು ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ಗೆ ಬಿಟ್ಟರೆ ಇಲಿಯ ಖಿನ್ನತೆಯಂಥ ವರ್ತನೆ ಇಳಿಯುತ್ತದೆ, ವಿಟಿಎಗೆ ಬಿಟ್ಟರೆ ಹೆಚ್ಚುತ್ತದೆ.