ಎಂಟನೆಯ ಹೇಳಿಕೆಯ ತಕರಾರು

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಆತ್ಮಗೌರವದ ಮಾಪನಿಯಲ್ಲಿರುವುದು ಹತ್ತೇ ಹೇಳಿಕೆಗಳು. ಐದು ನಮ್ಮ ಬಗ್ಗೆ ಒಳ್ಳೆಯ ಮಾತು, ಐದು ಕೊರತೆಯ ಮಾತು. ಒಂದೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ನಾಲ್ಕು ಆಯ್ಕೆ, 1ರಿಂದ 4 ಅಂಕ. ಒಳ್ಳೆಯ ಮಾತನ್ನು ಒಪ್ಪಿದಷ್ಟೂ, ಕೊರತೆಯ ಮಾತನ್ನು ಅಲ್ಲಗಳೆದಷ್ಟೂ ಅಂಕ ಹೆಚ್ಚು. ಇದನ್ನು ಚೀನೀ ಭಾಷೆಗೆ ತಂದು ಅಲ್ಲಿನ ಜನರ ಮುಂದಿಟ್ಟಾಗ ಎಂಟನೆಯ ಹೇಳಿಕೆ ಉಳಿದವುಗಳ ಜೊತೆ ಹೊಂದಿಕೊಳ್ಳಲೇ ಇಲ್ಲ.

‘ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವ ಇರಬೇಕಿತ್ತು ಅನ್ನಿಸುತ್ತದೆ’ ಎಂಬುದು ಮೂಲದ ಧಾಟಿ. ಅದನ್ನು ಒಪ್ಪಿದರೆ ಈಗಿರುವ ಗೌರವ ಸಾಲದು ಎಂದರ್ಥ. ಪೂರ್ತಿ ಒಪ್ಪಿದವರಿಗೆ ಸಿಗುವುದು 1 ಅಂಕ. ಚೀನಾದಲ್ಲಿ ಹೆಚ್ಚು ಬಳಕೆಯಲ್ಲಿರುವ ಅನುವಾದ ‘ನಾನು ಇನ್ನೂ ಹೆಚ್ಚು ಗೌರವ ಗಳಿಸಿಕೊಳ್ಳಬೇಕೆಂದು ಆಶಿಸುತ್ತೇನೆ’ ಎನ್ನುತ್ತದೆ. ತನ್ನನ್ನು ತಾನು ತಿದ್ದಿಕೊಳ್ಳುವುದನ್ನು ದೊಡ್ಡ ಗುಣವೆಂದು ಎಣಿಸುವ ಸಮಾಜದಲ್ಲಿ ಇದಕ್ಕೆ ಇಲ್ಲ ಎನ್ನುವವರು ಕಡಿಮೆ. ಆತ್ಮವಿಶ್ವಾಸ ತುಂಬಿದವರೂ ‘ಪೂರ್ತಿ ಒಪ್ಪುತ್ತೇನೆ’ ಎಂದು ಗುರುತು ಹಾಕಿ 3 ಅಂಕ ಕಳೆದುಕೊಳ್ಳುತ್ತಾರೆ. ಅದಕ್ಕೇ ಅಲ್ಲಿನ ಅನೇಕ ಸಂಶೋಧಕರು ಈ ಹೇಳಿಕೆಯನ್ನು ಕೈಬಿಡುತ್ತಾರೆ. ಇನ್ನು ಕೆಲವರು ಒಳ್ಳೆಯ ಮಾತಿನ ಗುಂಪಿಗೆ ಸೇರಿಸಿ ಅಂಕ ಕೊಡುತ್ತಾರೆ.

ಅನುವಾದವನ್ನು ಬೇರೊಬ್ಬರಿಂದ ಮತ್ತೆ ಮೂಲಭಾಷೆಗೆ ಮಾಡಿಸಿ ಹೋಲಿಸುವ ಕ್ರಮವನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಪದಗಳ ತಪ್ಪು ಅದರಲ್ಲಿ ಸಿಕ್ಕಿಬೀಳುತ್ತದೆ. ಓದಿದವರು ಆ ಸಾಲನ್ನು ಕೊರಗಿನ ಮಾತೆಂದುಕೊಂಡರೋ ಹಂಬಲದ ಮಾತೆಂದುಕೊಂಡರೋ ಎಂಬುದು ಮಾತ್ರ ಅಲ್ಲಿ ಕಾಣುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಅತಿ ಮುಖ್ಯವಾದ ಹಂತ ಎಂದರೆ, ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಓದಿನ ಕೆಲವರನ್ನು ಕೂರಿಸಿಕೊಂಡು ‘ಈ ಸಾಲಿನಿಂದ ನಿಮಗೆ ಏನು ಅರ್ಥವಾಯಿತು?’ ಎಂದು ಕೇಳುವುದು. ನೂರಾರು ಜನರ ಉತ್ತರ ತೆಗೆದುಕೊಂಡು ಲೆಕ್ಕಕ್ಕೆ ಕೂರುವುದು ಆಮೇಲೆ: ಒಟ್ಟು ಅಂಕ ಏರಿದಂತೆ ಪ್ರತಿ ಹೇಳಿಕೆಯ ಅಂಕವೂ ಏರುತ್ತದೆಯೇ, ಕೆಲವು ವಾರ ಬಿಟ್ಟು ಕೇಳಿದರೂ ಹೆಚ್ಚುಕಡಿಮೆ ಅದೇ ಅಂಕ ಬರುತ್ತದೆಯೇ, ಖಿನ್ನತೆಯ ಮಾಪನಿಯಲ್ಲಿ ಮೇಲಿರುವವರು ಇಲ್ಲಿ ಕೆಳಗಿರುತ್ತಾರೆಯೇ.

ಇಷ್ಟಾದರೂ ಇನ್ನೊಂದು ತೊಡಕು ಇದ್ದೇ ಇದೆ. ‘ನನ್ನಲ್ಲಿ ಒಳ್ಳೆಯ ಗುಣಗಳಿವೆ’, ‘ಒಮ್ಮೊಮ್ಮೆ ನಾನು ಏನಕ್ಕೂ ಬಾರದವಳು ಅನ್ನಿಸುತ್ತದೆ’ ಎಂಬ ಎರಡನ್ನೂ ಒಪ್ಪುವ ಒಲವು ಅಮೆರಿಕನ್ನರಿಗಿಂತ ಚೀನೀಯರಲ್ಲಿ ಹೆಚ್ಚು ಎಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎದುರುಬದುರು ಸಂಗತಿಗಳು ಒಂದೆಡೆ ಇರುವುದು ಸಹಜವೆಂಬ ಅಲ್ಲಿನ ಆಲೋಚನಾಕ್ರಮಕ್ಕೆ ಸಂಶೋಧಕರು ಇದನ್ನು ಜೋಡಿಸಿದರು. ಎರಡೂ ಉತ್ತರ ಕೂಡಿದಾಗ ಮೊತ್ತ ನಡುವಿಗೆ ಬಂದು ನಿಲ್ಲುತ್ತದೆ. ಆ ಮೊತ್ತವನ್ನು ಅಮೆರಿಕದ ಸರಾಸರಿಯ ಪಕ್ಕದಲ್ಲಿಟ್ಟು ಶಾಂಘೈನ ಉದ್ಯೋಗಿಯೊಬ್ಬರಿಗೆ ‘ನಿಮ್ಮ ಆತ್ಮಗೌರವ ಕಡಿಮೆ’ ಎಂದು ಹೇಳಿಬಿಡುವುದು ಅನ್ಯಾಯ. ಎಷ್ಟು ಅಂಕಕ್ಕೆ ಕಡಿಮೆ, ಎಷ್ಟಕ್ಕೆ ಹೆಚ್ಚು ಎಂಬ ಗೆರೆಯನ್ನು ಚೀನಾದ ವಯಸ್ಕರ ಉತ್ತರಗಳಿಂದಲೇ ಎಳೆಯಬೇಕು.