ನೋಡು, ವಿವೇಚಿಸು, ಕೈಹಾಕು: ಧರ್ಮಕೇಂದ್ರದ ಸಾಮಾಜಿಕ ನ್ಯಾಯ ಕೆಲಸಕ್ಕೊಂದು ಅಧ್ಯಯನ ಟಿಪ್ಪಣಿ

ತರಬೇತಿಯಲ್ಲಿ ನಾವೆಲ್ಲ ಪೋಪರು ಹೊರಡಿಸುವ ವಿಶ್ವಪತ್ರಗಳ ಹೆಸರು, ಇಸವಿ ಬಾಯಿಪಾಠ ಮಾಡುತ್ತೇವೆ. ಕೇರಿಗೆ ಇಳಿದಾಗ ಮಾತ್ರ ಕೈಗೆ ಬರುವುದು ಅಕ್ಕಿ ಚೀಲ, ಹಳೇ ಬಟ್ಟೆ. ಈ ಟಿಪ್ಪಣಿ ಅವೆರಡರ ನಡುವಿನ ಕಂದಕದ ಬಗ್ಗೆ.

ದಾವಣಗೆರೆ, ಚಿತ್ರದುರ್ಗ ಎರಡೂ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ವ್ಯಾಪ್ತಿಗೆ, ಸೇರಿದವು. ಕಥೋಲಿಕರು ಇಲ್ಲಿ ತೀರಾ ಕಡಿಮೆ. ಹೀಗಾಗಿ ಧರ್ಮಕೇಂದ್ರದಿಂದ (ಪ್ಯಾರಿಷ್‌ನಿಂದ) ಹೊರಟ ತಂಡ ತಟ್ಟುವ ಬಾಗಿಲುಗಳಲ್ಲಿ ಹೆಚ್ಚಿನವು ಲಂಬಾಣಿ, ನಾಯಕ, ಕಾಡುಗೊಲ್ಲ, ಮುಸ್ಲಿಂ, ದಲಿತ ಕುಟುಂಬಗಳವು. ಇದು ಯಾರೋ ಒಬ್ಬ ಉತ್ಸಾಹಿ ಫಾದರ್ ತಲೆಗೆ ಹೊಳೆದ ಹೆಚ್ಚುವರಿ ಕೆಲಸವಲ್ಲ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿನ 222ನೇ ನಿಯಮ ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವುದನ್ನು ಎಲ್ಲ ವಿಶ್ವಾಸಿಗಳ ಕರ್ತವ್ಯವೆನ್ನುತ್ತದೆ. 528ನೇ ನಿಯಮ ಅದನ್ನು ವಿಚಾರಣಾ ಗುರುಗಳ (ಧರ್ಮಕೇಂದ್ರದ ಫಾದರ್‌ಗಳ) ಹೊಣೆಗೂ ಸೇರಿಸುತ್ತದೆ.

ಮೂರು ಹೆಜ್ಜೆ, ಅದರಲ್ಲಿ ಮಧ್ಯದ್ದು ಮಾಯ

1891ರ ವಿಶ್ವಪತ್ರ ‘ರೇರುಮ್ ನೊವಾರುಮ್’ ಕೂಲಿಕಾರರ ನ್ಯಾಯವಾದ ಸಂಬಳ, ಸಂಘ ಕಟ್ಟುವ ಹಕ್ಕಿನ ಪರ ನಿಂತಿತು. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡಿನ್ ಯುವ ಕಾರ್ಮಿಕರ ನಡುವೆ ಬೆಳೆಸಿದ ‘ನೋಡು, ವಿವೇಚಿಸು, ಕಾರ್ಯಮಾಡು’ ಕ್ರಮವನ್ನು ಪೋಪ್ 23ನೇ ಜಾನ್ 1961ರ ವಿಶ್ವಪತ್ರ ‘ಮಾತೆರ್ ಎತ್ ಮಜಿಸ್ತ್ರಾ’ದ 236ನೇ ಪರಿಚ್ಛೇದದಲ್ಲಿ ಅಂಗೀಕರಿಸಿದರು. ನಮ್ಮ ತಂಡಗಳು ನೋಡುತ್ತವೆ, ತಕ್ಷಣ ಏನಾದರೂ ಮಾಡುತ್ತವೆ. ವಿವೇಚನೆಗೆ ಯಾರೂ ಕೂರುವುದಿಲ್ಲ. ಯಾಕೆಂದರೆ ಅದರ ಫೋಟೊ ತೆಗೆಯಲು ಬರುವುದಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನೇ ತೆಗೆದುಕೊಳ್ಳಿ. ಕಾದ ಮರಳು, ಹೊಗೆ, ನಸುಕಿನ ಕೆಲಸ. ಕೆಮ್ಮು ಕಂಡೊಡನೆ ಆರೋಗ್ಯ ಶಿಬಿರ ಇಟ್ಟು ಸಿರಪ್ ಹಂಚಿದರೆ ಅದು ದಯೆ; ಬೇಕು, ಆದರೆ ಮುಂದಿನ ತಿಂಗಳು ಅದೇ ಕೆಮ್ಮು ಅದೇ ಸಾಲಿನಲ್ಲಿ ನಿಂತಿರುತ್ತದೆ. ವಿವೇಚನೆಗೆ ಕೂತರೆ ಪ್ರಶ್ನೆಗಳು ಬದಲಾಗುತ್ತವೆ. ಒಲೆಗೆ ಏನು ಹಾಕುತ್ತಿದ್ದಾರೆ, ಹೊಟ್ಟೋ, ಸೌದೆಯೋ, ಹಳೇ ಟೈರೋ? ಹೊಗೆಗೊಳವೆ ಎಷ್ಟೆತ್ತರ? ಕೂಲಿ ದಿನದ ಲೆಕ್ಕವೋ, ಚೀಲದ ಲೆಕ್ಕವೋ? ಮುಂಗಡ ಸಾಲ ಯಾರ ಹತ್ತಿರ? ಭಟ್ಟಿ ಮಾಲೀಕನೂ ಸಣ್ಣ ಹಿಡುವಳಿಯವನೇ ಆಗಿದ್ದರೆ ಅವನನ್ನು ಖಳನನ್ನಾಗಿಸಿ ಪ್ರಯೋಜನವಿಲ್ಲ. ಮಾತುಕತೆಗೆ ಅವನೂ ಬೇಕು. ಕೈಹಾಕುವ ಹೆಜ್ಜೆ ಸಣ್ಣದರಿಂದ ಶುರುವಾಗಲಿ: 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರದ ಇ-ಶ್ರಮ್ ಪಟ್ಟಿಯಲ್ಲಿ ನೋಂದಣಿ. ಮೊಬೈಲಿನಲ್ಲಿ ನಾವೇ ನೋಂದಾಯಿಸುವಾಗ ಆಧಾರ್‌ಗೆ ಜೋಡಿಸಿದ ನಂಬರ್ ಬದಲಾಗಿದ್ದರೆ ಒಟಿಪಿ ಬಾರದೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನೋಂದಣಿಗೆ ಕರೆಯುವ ಮೊದಲೇ ಅದನ್ನು ಕೇಳಿ ಸರಿಪಡಿಸಿ. ಗಾರೆ ಕೆಲಸದವರಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಬೇರೆ: ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ.

ಮನೆಭೇಟಿ

ಇಬ್ಬಿಬ್ಬರೇ ಹೋಗಿ, ಅವರಲ್ಲಿ ಒಬ್ಬರು ಹೆಣ್ಣುಮಗಳಿರಲಿ. ಒಂದು ಸಂಜೆಗೆ ಐದಾರು ಮನೆ ಸಾಕು. ಮೊದಲ ಮೂರು ಭೇಟಿಯಲ್ಲಿ ಏನೂ ಕೊಡಬೇಡಿ. ಕೊಟ್ಟರೆ ನಾಲ್ಕನೆಯ ಸಲ ನಿಮಗೆ ಸಿಗುವುದು ಮಾತಲ್ಲ, ಬೇಡಿಕೆಗಳ ಪಟ್ಟಿ. ಮನೆಯವರ ಎದುರು ಫಾರಂ ತುಂಬಬೇಡಿ, ಹೊರಗೆ ಬಂದು ಬರೆದುಕೊಳ್ಳಿ.

ಭಾಷೆ ಮುಖ್ಯ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ತೆಲುಗು, ತಾಂಡಾದಲ್ಲಿ ಗೋರ್ ಬೋಲಿ, ಭಟ್ಟಿಗಳ ಸುತ್ತ ಉರ್ದು. ಮಂಗಳೂರು ಕನ್ನಡದಲ್ಲಿ ‘ನೀವು ಹೀಗೆ ಮಾಡಬೇಕು’ ಎಂದರೆ ಆಫೀಸರು ಬಂದ ಹಾಗೆಯೇ. ತಾಂಡಾಕ್ಕೆ ಮೊದಲು ಅಲ್ಲಿನ ಮುಖಂಡನ (ಅವನನ್ನು ನಾಯಕ ಎನ್ನುತ್ತಾರೆ) ಮೂಲಕ ಹೋಗಿ. ಫೆಬ್ರವರಿ ಮಧ್ಯದಲ್ಲಿ ಲಂಬಾಣಿಗರ ಗುರು ಸೇವಾಲಾಲ್ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ತಾಂಡಾಗಳಿಂದ ಜನ ಹೊರಡುತ್ತಾರೆ. ಆಗ ಸಭೆ ಕರೆದರೆ ಬರುವವರು ನೀವಿಬ್ಬರೇ. ಗೊಲ್ಲರಹಟ್ಟಿಯಲ್ಲಿ ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಹೊರಗಿಡುವುದನ್ನು ಕಂಡು ಮೊದಲ ದಿನವೇ ಉಪದೇಶಕ್ಕೆ ಇಳಿಯುವುದು ಸಾಮಾನ್ಯ ತಪ್ಪು. ಹಾಗೆ ಹೊರಗಿಡುವುದನ್ನು ತಡೆಯಲು ಕಾನೂನಿದೆ, ನಿಜ. ಆದರೆ ಗೊಲ್ಲರ ದೈವ ಜುಂಜಪ್ಪನ ಮಾತೆತ್ತಿ ಹಳಿದವರಿಗೆ ಹಟ್ಟಿಯ ಬಾಗಿಲು ಮತ್ತೆ ತೆರೆಯದು. ಹಿರಿಯ ಹೆಂಗಸರು, ಆಶಾ ಕಾರ್ಯಕರ್ತೆ ಮೊದಲು. ಶೌಚಾಲಯ, ನೀರು, ಬೆಳಕಿನ ಮಾತು ಮೊದಲು.

ಜಾತಿ ಪ್ರಮಾಣಪತ್ರ: ಇಲ್ಲಿ ತಪ್ಪಿದರೆ ಒಂದು ಮನೆಯ ಓದೇ ನಿಲ್ಲುತ್ತದೆ

1950ರ ಪರಿಶಿಷ್ಟ ಜಾತಿ ಆದೇಶದ 3ನೇ ಖಂಡಿಕೆ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಧರ್ಮಕ್ಕೆ ಕಟ್ಟಿಹಾಕಿದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಕ್ಕೆ ಇಂಥ ಧರ್ಮದ ಷರತ್ತಿಲ್ಲ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ನಾಯಕರು ಪರಿಶಿಷ್ಟ ಪಂಗಡ. ಅಂದರೆ ಕ್ರೈಸ್ತರಾದ ಎರಡು ಪಕ್ಕದ ಮನೆಗಳಲ್ಲಿ ಒಂದು ಮನೆ ಮಾನ್ಯತೆ ಕಳೆದುಕೊಳ್ಳುತ್ತದೆ, ಇನ್ನೊಂದು ಉಳಿಸಿಕೊಳ್ಳುತ್ತದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ. ಇದು ತಿಳಿಯದ ಸ್ವಯಂಸೇವಕ ನಾಡಕಚೇರಿಯಲ್ಲಿ ಸುಮ್ಮನೆ ‘ಕ್ರಿಶ್ಚಿಯನ್’ ಎಂದು ಬರೆಸಿದರೆ ಪ್ರವರ್ಗ 1ರ ಮಗು 3ಬಿಯಲ್ಲಿ ಕೂರುತ್ತದೆ. ಧರ್ಮಸಭೆಯೊಳಗೂ ಜಾತಿ ಇದೆ. ಭಾರತದ ಧರ್ಮಾಧ್ಯಕ್ಷರು (ಬಿಷಪ್ಪರು) 2016ರ ಡಿಸೆಂಬರಿನಲ್ಲಿ ತಂದ ದಲಿತ ನೀತಿ ಅದನ್ನು ಒಪ್ಪಿಕೊಳ್ಳುತ್ತದೆ. ಗಾಯನ ತಂಡದಲ್ಲಿ, ಪಾಲನಾ ಸಮಿತಿಯಲ್ಲಿ ಯಾವ ಕೇರಿಯವರಿದ್ದಾರೆ ಎಂದು ಎಣಿಸಿ ನೋಡುವುದೂ ‘ನೋಡು’ ಹೆಜ್ಜೆಯೇ.

ಆಮಿಷದ ಪ್ರಶ್ನೆ

2022ರ ಕರ್ನಾಟಕ ಮತಾಂತರ ಕಾಯ್ದೆ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಆಮಿಷದ ವ್ಯಾಖ್ಯೆಯಲ್ಲಿ ತಂದಿತು. ಆದರೆ ಸೇವೆಗೂ ಆಮಿಷಕ್ಕೂ ನಡುವಿನ ಗೆರೆ ಕಾಯ್ದೆಗೆ ಹೆದರಿ ಎಳೆದುಕೊಳ್ಳಬೇಕಾದ್ದಲ್ಲ. ಸೇವೆಯನ್ನು ಮತಪ್ರಚಾರದ ಸಾಧನವಾಗಿ ಬಳಸಬಾರದೆಂದು 2005ರ ವಿಶ್ವಪತ್ರ ‘ದೇವುಸ್ ಕಾರಿತಾಸ್ ಎಸ್ತ್’ನ 31ನೇ ಪರಿಚ್ಛೇದ ಖಡಾಖಂಡಿತವಾಗಿ ಹೇಳಿದೆ. ಆದ್ದರಿಂದ ಟ್ಯೂಷನ್ ತರಗತಿಯಲ್ಲಿ ಪ್ರಾರ್ಥನೆ ಬೇಡ, ಪುಸ್ತಕದ ಜೊತೆ ಕರಪತ್ರ ಬೇಡ, ಫಲಾನುಭವಿಗಳ ಪಟ್ಟಿ ಪಂಚಾಯಿತಿಯ ಗೋಡೆಯಲ್ಲೂ ಅಂಟಿಸುವಂತಿರಲಿ. ಹರಿಹರದ ಆರೋಗ್ಯಮಾತೆಯ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ತಾವಾಗಿಯೇ ಬರುತ್ತಾರೆ. ಯಾರೂ ಟೋಕನ್ ಹಂಚುವುದಿಲ್ಲ.

ಕಾಗದಪತ್ರ

ಅರ್ಜಿ ಯಾವುದೇ ಇರಲಿ, ಸಕಾಲ ಸ್ವೀಕೃತಿ ಚೀಟಿ ಇಲ್ಲದೆ ಕೌಂಟರ್ ಬಿಡಬೇಡಿ. ಮಾಹಿತಿ ಹಕ್ಕಿಗೆ ₹10 ಶುಲ್ಕ, 30 ದಿನ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ತಾಂಡಾದ ಹಕ್ಕುಪತ್ರ, ರಸ್ತೆ, ನೀರು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ವಾಪಸ್ ಬರುತ್ತದೆ. ವ್ಯಾಜ್ಯವಾದರೆ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಕ್ಕಳ ವಿಚಾರಕ್ಕೆ 1098. ಅರ್ಜಿಗೆ ಸಹಿ ಹಾಕುವವರು, ಕಚೇರಿಯಲ್ಲಿ ಮಾತಾಡುವವರು ಆ ಮನೆಯವರೇ ಆಗಲಿ. ನೀವು ಪಕ್ಕದ ಬೆಂಚಿನಲ್ಲಿ ಕೂತರೆ ಸಾಕು.